ಕೋವಿಯ ಶೋಕಿ, ತೋಟಾದ ಕಸುಬು

ಮಲ್ಲತ್ತಹಳ್ಳಿಯಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಕನ್ನಡ ಸಾಹಿತ್ಯವೂ ಗುಂಡಿನ ಸದ್ದೂ ಒಟ್ಟಿಗೆ ಕೇಳಿಸಿದ್ದುಂಟು. 2013ರ ಡಿಸೆಂಬರಿನಲ್ಲಿ ಜಿ.ಎಸ್. ಶಿವರುದ್ರಪ್ಪನವರನ್ನು, 2014ರ ಆಗಸ್ಟಿನಲ್ಲಿ ಯು.ಆರ್. ಅನಂತಮೂರ್ತಿಯವರನ್ನು, 2021ರ ಜೂನಿನಲ್ಲಿ ಸಿದ್ದಲಿಂಗಯ್ಯನವರನ್ನು ಇಲ್ಲಿನ ಕಲಾಗ್ರಾಮದಲ್ಲೇ ಸರ್ಕಾರಿ ಗೌರವದೊಂದಿಗೆ ಬೀಳ್ಕೊಟ್ಟರು. ಸರ್ಕಾರಿ ಗೌರವ ಎಂದರೆ ಪೊಲೀಸರ ಕುಶಾಲುತೋಪು, ಅಂದರೆ ಗುಂಡಿಲ್ಲದ ಬರೀ ಮದ್ದಿನ ತೋಟಾ. ಅನಂತಮೂರ್ತಿಯವರ ದಿನ ಆಗ ಏಳು ವರ್ಷದವಳಾಗಿದ್ದ ನಮ್ಮ ಕಿರಿಮಗಳು ಕೇಳಿದ್ದಳು: "ಅಬ್ಬಾ, ಬರೆಯೋರು ತೀರಿಕೊಂಡ್ರೆ ಯಾಕೆ ಗುಂಡು ಹೊಡೀತಾರೆ?" ನಮಗೆ ಉತ್ತರ ಹೊಳೆಯಲಿಲ್ಲ. ಮೂರು ವರ್ಷದ ನಂತರ, 2017ರ ಸೆಪ್ಟೆಂಬರ್ 5ರ ರಾತ್ರಿ, ಮೈಸೂರು ರಸ್ತೆಯಾಚೆಯ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಆ ಹೊತ್ತಿಗೆ ಮಗಳು ಪ್ರಶ್ನೆ ಕೇಳುವುದನ್ನು ಬಿಟ್ಟು ಪೇಪರ್ ಓದತೊಡಗಿದ್ದಳು.

ಇದನ್ನೆಲ್ಲ ಈಗ ನೆನೆಯಲು ಕಾರಣ ಬೇರೆಯೇ ಇದೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ದೂರದ ಸಂಬಂಧಿಯೊಬ್ಬ ಕಳೆದ ರಂಜಾನ್ ಹಬ್ಬಕ್ಕೆ ಮುಬಾರಕ್ ಹೇಳಲು ಫೋನು ಮಾಡಿ, ಮಾತು ಮುಗಿದ ಮೇಲೆ ತನ್ನ ಮನೆಯ ಕಾರುಶೆಡ್ಡನ್ನು ತೋರಿಸಿದ. ಮೇಜಿಗೆ ಬಿಗಿದ ಒಂದು ಒತ್ತುಯಂತ್ರ, ಅಕ್ಕಸಾಲಿಗರ ಬಳಿ ಇರುವಂಥ ಸಣ್ಣ ತಕ್ಕಡಿ, ಡಬ್ಬಿಗಳಲ್ಲಿ ಹೊಳೆಯುವ ಖಾಲಿ ಹಿತ್ತಾಳೆ ತೋಟಾಗಳು. ಒಮ್ಮೆ ಹಾರಿಸಿದ ತೋಟಾವನ್ನು ಮತ್ತೆ ತುಂಬುವುದು ಅವನ ಶನಿವಾರದ ಹವ್ಯಾಸವಂತೆ. ಅಲ್ಲಿ ಅದಕ್ಕೆಂದೇ ಅಂಗಡಿಗಳಿವೆ, ಕೈಪಿಡಿಗಳಿವೆ, ಕಲಿಸುವ ಹಿರಿಯರಿದ್ದಾರೆ. "ಭಾಯಿಜಾನ್, ಕೊಂಡು ತಂದರೆ ಸುಲಭ. ಆದರೆ ಇದು ನನ್ನ ಶೌಕ್" ಎಂದ.

ಆ ಪದ ಕಿವಿಯಲ್ಲಿ ಉಳಿಯಿತು. ಉರ್ದು ಶಾಲೆಯಲ್ಲಿ ನಾವು ಕಲಿತ 'ಶೌಕ್' ಎಂದರೆ ಹಂಬಲ, ಒಲವು, ಮನಸ್ಸಿನ ಎಳೆತ. ಕನ್ನಡಕ್ಕೆ ಬರುವಷ್ಟರಲ್ಲಿ ಅದು 'ಶೋಕಿ'ಯಾಯಿತು. ಶೋಕಿಲಾಲ ಎಂದರೆ ದುಡ್ಡು ಹಾಳುಮಾಡುವವನು, ಕೂದಲು ತೀಡಿಕೊಂಡು ತಿರುಗುವವನು. ಒಂದೇ ಪದ ಎರಡು ಭಾಷೆಯ ನಡುವೆ ದಾಟುವಾಗ ಮಾನ ಕಳೆದುಕೊಂಡ ಬಗೆ ಇದು. ಕೋವಿಯ ವಿಷಯದಲ್ಲಿ ಕನ್ನಡದ ಬರಹಗಾರರು ಶೌಕ್‌ನ ಕಡೆ ಇದ್ದಾರೋ ಶೋಕಿಯ ಕಡೆಯೋ ಎಂದು ನೋಡಬೇಕೆನಿಸಿ, ಕಪಾಟಿನಲ್ಲಿದ್ದ ಬೇಟೆಯ ಪುಸ್ತಕಗಳನ್ನು ಮತ್ತೆ ಕೆಳಗಿಳಿಸಿದೆವು.

ಕೆಳಗಿಳಿಸಿದ ಮೊದಲ ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್‌ನಿಂದ ಕನ್ನಡಕ್ಕೆ ತಂದ ಕಾಡಿನ ಕತೆಗಳು. ಕನ್ನಡದಲ್ಲಿ ಒಂದಿಡೀ ತಲೆಮಾರಿನ ಹುಡುಗರಿಗೆ ಓದಿನ ಚಟ ಹತ್ತಿಸಿದ ಪುಸ್ತಕಮಾಲೆ ಇದು. ನಮ್ಮ ಪಶ್ಚಿಮ ಬೆಂಗಳೂರಿನವರಿಗೆ ಅದರಲ್ಲಿ ಇನ್ನೊಂದು ಸೊಗಸಿದೆ. 'ಜಾಲಹಳ್ಳಿಯ ಕುರ್ಕ' ಓದುವಾಗ ಈಗಿನ ಮೆಟ್ರೋ ನಿಲ್ದಾಣದ ಜಾಗದಲ್ಲಿ ಪೊದೆ, ಪೊದೆಯೊಳಗೆ ಚಿರತೆ ಕಾಣುತ್ತದೆ. 'ಮುನಿಶಾಮಿ ಮತ್ತು ಮಾಗಡಿ ಚಿರತೆ'ಯ ಮಾಗಡಿ ರಸ್ತೆಯಲ್ಲಿ ನಾವು ದಿನಾ ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ನಿಂತು ಹೋಗುತ್ತೇವೆ. ಆ ಮುನಿಶಾಮಿ ನಮಗೆ ಬಹಳ ಇಷ್ಟದ ಪಾತ್ರ. ಅವನು ಬೇಟೆಗಾರನೇ ಅಲ್ಲ, ಬೇಟೆಯ ಶೋಕಿ ಹತ್ತಿದ ಸಾಹೇಬರುಗಳಿಂದ ಹೊಟ್ಟೆ ಹೊರೆಯುವವನು. ಸತ್ತ ಪ್ರಾಣಿಯ ಸುತ್ತ ಸುಳ್ಳು ಹೆಜ್ಜೆಗುರುತು ಮೂಡಿಸಿ, ಚಿರತೆ ಬಂದಿತ್ತೆಂದು ನಂಬಿಸಿ, ರಾತ್ರಿಯಿಡೀ ಅವರನ್ನು ಮರದ ಮೇಲೆ ಕೂರಿಸಿ ದುಡ್ಡು ಕೀಳುತ್ತಾನೆ. ಬೇಟೆಯ ಸಾಹಿತ್ಯ ತನ್ನನ್ನು ತಾನೇ ನೋಡಿ ನಕ್ಕಿರುವುದು ಇಲ್ಲಿ. ಇಂಥ ಪುಟಗಳಲ್ಲಿ ತೇಜಸ್ವಿಯವರ ಕನ್ನಡವೂ ಎಷ್ಟು ಹಗುರವಾಗಿ ಓಡುತ್ತದೆಂದರೆ, ಬೆಂಗಳೂರಿನ ಆ ಆಂಗ್ಲ ಬೇಟೆಗಾರ ಮೂಡಿಗೆರೆಯ ಸಂತೆಯಲ್ಲಿ ನಿಂತು ಮಾತಾಡುತ್ತಿದ್ದಾನೆ ಅನ್ನಿಸುತ್ತದೆ.

ಆದರೆ ಈ ಸಲದ ಓದಿನಲ್ಲಿ ಹಿಂದೆ ಕಾಣದ ಒಂದು ಸಂಗತಿ ಕಂಡಿತು. ಆಂಡರ್ಸನ್ ಕೈಯಲ್ಲಿ .405 ವಿಂಚೆಸ್ಟರ್ ಇರುತ್ತದೆ. ಅದರ ತೋಟಾ ಕಾರ್ಖಾನೆಯದು. ತೋಟಾ ಸಿಡಿಯುತ್ತದೋ ಇಲ್ಲವೋ ಎಂಬ ಭಯಕ್ಕಿಂತ ತನ್ನ ಗುರಿ, ಕತ್ತಲು, ನಿದ್ದೆಗಳ ಭಯವೇ ಅವನಿಗೆ ಹೆಚ್ಚು. ಇನ್ನೊಂದು ಕಡೆ ಹಳ್ಳಿಯವನಿದ್ದಾನೆ. ಅವನದು ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೋವಿ, ಅದರೊಳಗೆ ಏನು ಸಿಕ್ಕಿತೋ ಅದು. ಈ ಕತೆಗಳಲ್ಲಿ ಮತ್ತೆ ಮತ್ತೆ ಬರುವ ವಿವರಣೆ ಏನೆಂದರೆ, ಯಾರೋ ಹಳ್ಳಿಯವನು ಅಥವಾ ಕಳ್ಳಬೇಟೆಯವನು ಅಂಥ ಕೋವಿಯಿಂದ ಗಾಯಮಾಡಿ ಬಿಟ್ಟದ್ದರಿಂದಲೇ ಹುಲಿ ನರಭಕ್ಷಕವಾಯಿತು ಎಂಬುದು. ಅದು ಹಲವು ಸಲ ನಿಜವೂ ಆಗಿದ್ದೀತು, ನಾವು ಅಲ್ಲಗಳೆಯುವುದಿಲ್ಲ. ಆದರೆ ಕತೆಯ ಲೆಕ್ಕ ಹೇಗಿದೆ ನೋಡಿ: ಮನೆಯಲ್ಲಿ ತುಂಬಿದ ಈಡಿಗೆ ಪಾಪ, ಕಾರ್ಖಾನೆಯ ತೋಟಾಕ್ಕೆ ಪುಣ್ಯ. ಹೊಲ ಕಾಯಲು ಕೋವಿ ಹಿಡಿದವನು ತಪ್ಪಿತಸ್ಥ, ಹವ್ಯಾಸಕ್ಕೆ ಹಿಡಿದವನು ರಕ್ಷಕ. ಕನ್ನಡದ ಓದುಗರಾದ ನಾವೆಲ್ಲ ಹಳ್ಳಿಯವನ ಮಕ್ಕಳಾಗಿದ್ದೂ ಬೇಟೆಗಾರನ ಮರವನ್ನೇ ಏರಿ ಕೂತು ಓದಿದೆವು.

ಜಿಮ್ ಕಾರ್ಬೆಟ್‌ನಲ್ಲಿ ಈ ಅಹಂ ಕಡಿಮೆ. ಅದಕ್ಕೆ ಅವನ ಬಾಲ್ಯದ ಕೋವಿ ಕಾರಣವಿರಬೇಕು. ಅವನಿಗೆ ಮೊದಲು ಸಿಕ್ಕಿದ್ದು ಒಂದು ನಳಿಗೆ ಸೀಳಿಹೋಗಿದ್ದ, ಹಿತ್ತಾಳೆ ತಂತಿ ಸುತ್ತಿ ಬಿಗಿದಿದ್ದ ಮುದಿ ಕೋವಿ. ಸೀಳಿದ ನಳಿಗೆಯ ಜೊತೆ ಬೆಳೆದವನಿಗೆ ಮದ್ದಿನ ಮೇಲೆ ಅಂಜಿಕೆಯ ಗೌರವವಿರುತ್ತದೆ. ತೇಜಸ್ವಿಯವರ 'ರುದ್ರಪ್ರಯಾಗದ ಭಯಾನಕ ನರಭಕ್ಷಕ' ಆಂಡರ್ಸನ್ ಕತೆಗಳಿಗಿಂತ ನಿಧಾನದ, ಹೆಚ್ಚು ಆತಂಕದ ಪುಸ್ತಕವಾಗಿರುವುದು ಹುಲಿ-ಚಿರತೆಗಳ ವ್ಯತ್ಯಾಸದಿಂದಲ್ಲ.

ನಮ್ಮ ನೆಲದಲ್ಲೇ ಹುಟ್ಟಿದ ಬೇಟೆಯ ಬರಹಕ್ಕೆ ಬಂದರೆ ಕೆದಂಬಾಡಿ ಜತ್ತಪ್ಪ ರೈಗಳನ್ನು ಮೊದಲು ಹೇಳಬೇಕು. ಪುತ್ತೂರು ಸೀಮೆಯ ಕೃಷಿಕ, ತುಳುವಿನಲ್ಲೂ ಬರೆದವರು. ಅವರ 'ಬೇಟೆಯ ನೆನಪುಗಳು' ಓದಿದರೆ ಸಾಹೇಬನಿಲ್ಲದ ಬೇಟೆ ಹೇಗಿರುತ್ತದೆಂದು ತಿಳಿಯುತ್ತದೆ. ಇಲ್ಲಿ ಬೇಟೆ ಒಬ್ಬನ ಹವ್ಯಾಸವಲ್ಲ, ಊರಿನ ಕೆಲಸ. ನಾಯಿಗಳಿವೆ, ಸೋಯುವವರಿದ್ದಾರೆ, ಪಾಲಿನ ತಕರಾರಿದೆ, ಹಂದಿಯ ಕೋರೆಗೆ ಸಿಕ್ಕವನಿದ್ದಾನೆ. 'ಈಡೊಂದು ಹುಲಿಯೆರಡು' ಎಂಬ ಅವರ ಇನ್ನೊಂದು ಪುಸ್ತಕದ ಹೆಸರನ್ನೇ ನೋಡಿ. ಈಡಿನ ಲೆಕ್ಕ ಇಡುವವನ ಹೆಸರದು. ಹಳ್ಳಿಯಲ್ಲಿ ಒಂದು ಈಡು ಎಂದರೆ ಒಂದು ಈಡೇ. ಅದು ಹಾರಿದ ಮೇಲೆ ಎರಡನೆಯದಕ್ಕೆ ಸಮಯವಿಲ್ಲ, ಮರ ಹತ್ತುವುದಕ್ಕೂ ಸಮಯವಿದ್ದರೆ ಪುಣ್ಯ. ಜತ್ತಪ್ಪ ರೈಗಳ ಗದ್ಯದ ಬಿಗಿ ಅಲ್ಲಿಂದ ಬಂದದ್ದೆಂದು ನಮ್ಮ ಗುಮಾನಿ. ಅವರಿಗೆ ಸಿಗಬೇಕಾದ ವಿಮರ್ಶೆ ಸಿಕ್ಕಿಲ್ಲ. ಬೇಟೆ ಎಂದಾಕ್ಷಣ ಮೂಗು ಮುರಿಯುವ ಓದುಗರು ಒಂದು ಕಡೆ, ಸಾಹಸವನ್ನಷ್ಟೇ ಚಪ್ಪರಿಸುವವರು ಇನ್ನೊಂದು ಕಡೆ. ಕರಾವಳಿಯ ರೈತಬದುಕಿನ ದಾಖಲೆಯಾಗಿ ಅದನ್ನು ಓದಿದವರು ಕಡಿಮೆ.

ಮಲೆನಾಡಿನಲ್ಲಿ ಕೋವಿಗೂ ಜಾತಿ ಅಂತಸ್ತುಗಳಿದ್ದವು. ಕೇಪಿನ ಕೋವಿ ಬೇರೆ, ತೋಟಾ ಕೋವಿ ಬೇರೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನಾಗಲಿ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನಾಗಲಿ ಓದುವಾಗ ಯಾರ ಹೆಗಲ ಮೇಲೆ ಎಂಥ ಕೋವಿ ಇದೆ ಎಂದು ನೋಡುತ್ತ ಹೋದರೆ, ಆ ಮನೆತನಗಳ ಲೆಕ್ಕಪತ್ರವೇ ಬಿಚ್ಚಿಕೊಳ್ಳುತ್ತದೆ. ಅದೇ 'ಮದುಮಗಳು' ಕಾದಂಬರಿಯಲ್ಲಿ ನಮ್ಮವರೂ ಬರುತ್ತಾರೆ, ಕರೀಂಸಾಬು ಮತ್ತವನ ಬಳಗ. ವ್ಯಾಪಾರಕ್ಕೆ ಬರುತ್ತಾರೆ, ದಬಾವಣೆಗೂ ಬರುತ್ತಾರೆ. ಅವರನ್ನು ಕುವೆಂಪು ದ್ವೇಷದಿಂದ ಚಿತ್ರಿಸಿದ್ದಾರೆಂದು ನಾವು ಹೇಳುವುದಿಲ್ಲ, ಆ ಕಾದಂಬರಿಯಲ್ಲಿ ಗೌಡರಿಗೂ ಅವರು ರಿಯಾಯಿತಿ ತೋರಿದವರಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಹೆಗ್ಗಡೆಯ ಕೈಯ ಕೋವಿಯನ್ನು ಓದುಗ ಬೇಟೆಯೊಂದಿಗೆ ಜೋಡಿಸುತ್ತಾನೆ, ಸಾಬಿಯ ಸೊಂಟದ ಚೂರಿಯನ್ನು ಇನ್ನಾವುದರೊಂದಿಗೋ ಜೋಡಿಸುತ್ತಾನೆ. ಇದು ಲೇಖಕನ ತಪ್ಪಿಗಿಂತ ಓದುವ ಕಣ್ಣಿನ ರೂಢಿ.

ಇಲ್ಲಿ ನಮ್ಮ ನಾನಾರ ಮಾತು ಬಾರದೆ ಇರಲಾರದು. ಬಾಳೆಹೊನ್ನೂರಿನ ಆಚೆ ಅವರಿಗೆ ತುಂಡು ಗದ್ದೆ, ಸ್ವಲ್ಪ ಅಡಿಕೆ ಇತ್ತು. ಬೆಳೆ ಕಾಯುವುದಕ್ಕೆಂದು ಲೈಸೆನ್ಸು ಪಡೆದ ಒಂದು ಕೇಪಿನ ಕೋವಿಯೂ ಇತ್ತು. ಬೇಸಿಗೆ ರಜೆಯಲ್ಲಿ ಹೋದಾಗ ನಮಗೆ ಆ ಕೋವಿ ಹಾರುವುದಕ್ಕಿಂತ ಅದನ್ನು ತುಂಬುವುದನ್ನು ನೋಡುವುದೇ ದೊಡ್ಡ ಆಕರ್ಷಣೆ. ಅವರು ಜಗಲಿಗೆ ಬಂದು ಕೂತರೆ ನಾನಿ ಒಲೆಯ ಬೆಂಕಿ ಹೊರಗೆ ಬಾರದಂತೆ ಬಾಗಿಲೆಳೆಯುತ್ತಿದ್ದರು. ಕೂಲಿಯವರು ಬೀಡಿ ಹೊಸಕಿ ದೂರ ಸರಿಯುತ್ತಿದ್ದರು. ಮದ್ದಿನ ಡಬ್ಬಿ, ತೆಂಗಿನ ನಾರು, ಚರೆಯ ಬಟ್ಟೆಗಂಟು, ಉದ್ದನೆಯ ಗಜ. ನಾನಾ ಬಿಸ್ಮಿಲ್ಲಾ ಅಂದರೆ ಮುಗಿಯಿತು, ಕೆಲಸ ಮುಗಿಯುವವರೆಗೆ ಮಾತಿಲ್ಲ. ನಾವು ಕೈ ಮುಂದೆ ಮಾಡಿದರೆ, "ಹಾತ್ ಪೀಛೇ ಬೇಟಾ, ಇದು ಮದ್ದು. ಹೊಟ್ಟೆಗೆ ಕೊಡುವ ಮದ್ದಲ್ಲ" ಎನ್ನುತ್ತಿದ್ದರು. ಔಷಧಿಗೂ ಸಿಡಿಮದ್ದಿಗೂ ಒಂದೇ ಹೆಸರಿಟ್ಟ ಕನ್ನಡದ ಕುಚೋದ್ಯ ನಮಗೆ ಆಗಲೇ ತಿಳಿದದ್ದು. ಅವರು ಜೀವಮಾನದಲ್ಲಿ ಎಷ್ಟು ಹಂದಿ ಓಡಿಸಿದರೋ ಗೊತ್ತಿಲ್ಲ. ಹೊಡೆದದ್ದನ್ನು ನಾವು ಕಂಡಿಲ್ಲ, ಹೊಡೆದರೂ ತಿನ್ನುವ ಹಾಗಿರಲಿಲ್ಲ. ಸದ್ದಿಗೇ ಅವು ಓಡುತ್ತಿದ್ದವು.

1992ರ ಡಿಸೆಂಬರ್ ಎರಡನೇ ವಾರ ನಾನಾ ಯಾರೂ ಹೇಳದಿದ್ದರೂ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಕೊಂಡೊಯ್ದು ಠಾಣೆಗೆ ಒಪ್ಪಿಸಿ ರಸೀದಿ ತಂದರು. ಚುನಾವಣೆ ಬಂದಾಗ ಎಲ್ಲರೂ ಒಪ್ಪಿಸುತ್ತಿದ್ದರು, ಮತ್ತೆ ತರುತ್ತಿದ್ದರು. ಇದು ಚುನಾವಣೆಯಾಗಿರಲಿಲ್ಲ. ಪಕ್ಕದ ಗೌಡರು, ನಾನಾರ ಗೆಳೆಯರೇ, "ಯಾಕ್ರೀ ಸಾಬ್ರೇ, ನಿಮ್ಮನ್ನ ಯಾರ್ ಕೇಳಿದ್ರು?" ಎಂದು ಗದರಿದರಂತೆ. "ಕೇಳೋ ಮೊದಲೇ ಕೊಟ್ಟರೆ ಮರ್ಯಾದೆ ಗೌಡ್ರೇ" ಎಂದರಂತೆ ಇವರು. ಲೈಸೆನ್ಸು ಮತ್ತೆ ನವೀಕರಣವಾಗಲಿಲ್ಲ. ಅವರು ಹೆಚ್ಚು ಓಡಾಡಲೂ ಇಲ್ಲ. ಮುಂದಿನ ಸುಗ್ಗಿಗೆ ಗದ್ದೆಯ ಅರ್ಧ ಭಾಗ ಹಂದಿಗಳ ಪಾಲಾಯಿತು.

ಈ ಸಂಗತಿಯನ್ನು ನಾವು ಎಂದೂ ಕತೆ ಮಾಡಲಿಲ್ಲ. ಮಾಡಲು ಹೊರಟದ್ದು ಬೇರೊಂದು. ಕೆಲವು ವರ್ಷಗಳ ಹಿಂದೆ ಕೋವಿಯ ಶೌಕ್ ಇರುವ ಒಬ್ಬ ನಿವೃತ್ತ ಮುಸ್ಲಿಂ ಗುಮಾಸ್ತನ ಕತೆ ಬರೆದೆವು. ಆತ ಲೈಸೆನ್ಸು ಇರುವ ಹಳೆಯ ಬಂದೂಕನ್ನು ಪ್ರತಿ ಶುಕ್ರವಾರ ಎಣ್ಣೆ ಹಚ್ಚಿ ಒರೆಸುತ್ತಾನೆ, ಮತ್ತೆ ಪೆಟ್ಟಿಗೆಯಲ್ಲಿಡುತ್ತಾನೆ. ಅಷ್ಟೇ ಕತೆ. ಓದಿದ ಸಾಹಿತಿಮಿತ್ರರೊಬ್ಬರು, ಒಳ್ಳೆಯವರು, ಜಾತ್ಯತೀತರು, ಮೆಲ್ಲನೆ ಕೇಳಿದರು: "ಕೊನೇಲಿ ಇವನು ಏನು ಮಾಡ್ತಾನೆ?" ಏನೂ ಮಾಡುವುದಿಲ್ಲ ಎಂದೆವು. "ಹಾಗಾದ್ರೆ ಶುಕ್ರವಾರ ಯಾಕೆ?" ಎಂದರು. ಆತನ ಹೆಸರನ್ನು ಪೂವಯ್ಯ ಎಂದು ಬದಲಿಸಿ ಇನ್ನೊಬ್ಬರಿಗೆ ಕೊಟ್ಟೆವು. ಮುದಿತನದ ಒಂಟಿತನವನ್ನು ಚೆನ್ನಾಗಿ ಹಿಡಿದಿದ್ದೀರಿ ಎಂದರು. ಎರಡೂ ಪ್ರತಿಗಳು ಈಗ ಮೇಜಿನ ಒಳಗಿವೆ.

ಪೂವಯ್ಯ ಎಂಬ ಹೆಸರನ್ನು ಆರಿಸಿದ್ದು ಸುಮ್ಮನೆ ಅಲ್ಲ. ಕೊಡಗಿನಲ್ಲಿ ಕೋವಿಗೆ ತೋಕ್ ಎನ್ನುತ್ತಾರೆ. ಕೈಲ್ ಪೊಳ್ದ್ ಹಬ್ಬದ ದಿನ ಅದನ್ನು ಪೂಜೆಗಿಟ್ಟು ತೋಕ್ ಪೂ ಎಂಬ ಕೆಂಪು-ಹಳದಿ ಹೂವಿನಿಂದ ಸಿಂಗರಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಿಗೆ ಎರಡು ಗುಂಡು ಹಾರಿಸುವ ಪದ್ಧತಿ ಅವರದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಲೈಸೆನ್ಸಿನಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. ಕೇಂದ್ರ ಸರ್ಕಾರ 2019ರ ಅಕ್ಟೋಬರಿನಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ನಮಗೆ ಇದರ ಬಗ್ಗೆ ಅಸೂಯೆಯಿಲ್ಲ. ಒಂದು ಸಮುದಾಯ ತನ್ನ ಕೋವಿಗೆ ಹೂ ಮುಡಿಸುವಷ್ಟು ನಿರಾತಂಕವಾಗಿ ಬದುಕಿರುವುದು ಚೆಲುವಾದ ಸಂಗತಿಯೇ. ಅಂಥ ನಿರಾತಂಕ ಇಲ್ಲದ ಕಡೆ ಕೋವಿಯ ಕತೆ ಹೇಗೆ ಬರೆಯಬೇಕು ಎಂಬುದಷ್ಟೇ ನಮ್ಮ ತೊಡಕು.

ಉಳಿದವರಿಗೆ ಇರುವುದು 1959ರ ಆಯುಧ ಕಾಯ್ದೆ. ನಮ್ಮ ಅಮೆರಿಕದ ಸಂಬಂಧಿಯ ಶನಿವಾರದ ಹವ್ಯಾಸ ಇಲ್ಲಿ ನಡೆಯುವಂಥದ್ದಲ್ಲ. ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ಕಾಯ್ದೆಯ ವ್ಯಾಖ್ಯೆಯನ್ನು ಓದಿದರೆ ಅದರ ಬಿಗಿ ತಿಳಿಯುತ್ತದೆ. ಮದ್ದುಗುಂಡು ತಯಾರಿಸುವ ಯಂತ್ರ, ಅದರ ಬಿಡಿಭಾಗ ಕೂಡ ಅಲ್ಲಿ ಮದ್ದುಗುಂಡೇ. ಬೇಟೆಯ ಬಾಗಿಲನ್ನಂತೂ 1972ರ ವನ್ಯಜೀವಿ ಕಾಯ್ದೆ ಅರ್ಧ ಮುಚ್ಚಿತ್ತು, 1991ರ ತಿದ್ದುಪಡಿ ಪೂರ್ತಿ ಮುಚ್ಚಿತು. ಈಗ ಹವ್ಯಾಸದ ಕೋವಿ ಉಳಿದಿರುವುದು ಗುರಿಕ್ರೀಡೆಯಲ್ಲಿ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದರಿಂದ ಹಿಡಿದು 2024ರಲ್ಲಿ ಮನು ಭಾಕರ್ ಪ್ಯಾರಿಸಿನಲ್ಲಿ ಎರಡು ಕಂಚು ತಂದದ್ದರವರೆಗೆ ಮಧ್ಯಮವರ್ಗದ ಮನೆಗಳಲ್ಲೂ ಏರ್ ರೈಫಲ್ ಕಾಣಿಸಿಕೊಂಡಿದೆ. ನಮ್ಮ ಬೀದಿಯಲ್ಲೇ ಒಬ್ಬ ಹುಡುಗ ಅಭ್ಯಾಸಕ್ಕೆ ಹೋಗುತ್ತಾನೆ. ರೈಫಲ್ಲಿನ ಉದ್ದ ಪೆಟ್ಟಿಗೆಯನ್ನು ಅವನ ತಾಯಿ ವೀಣೆ ಎಂದು ನೆರೆಯವರಿಗೆ ಹೇಳಿದ್ದಾಳೆ. ಆ ಸುಳ್ಳು ಮುನಿಶಾಮಿಯ ಹೆಜ್ಜೆಗುರುತಿನಷ್ಟೇ ನಿರಪಾಯಕಾರಿ.

ಕಾನೂನು ಇಷ್ಟು ಬಿಗಿ ಇರುವುದನ್ನು ನಾವು ದೂರುವುದಿಲ್ಲ. ದೂರಲು ನಾವು ಇರುವ ಜಾಗ ಬಿಡುವುದಿಲ್ಲ. ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕೊಂದದ್ದು, ಎರಡು ವರ್ಷದ ಮೇಲೆ ಗೌರಿಯವರನ್ನು ಕೊಂದದ್ದು ಒಂದೇ 7.65 ಮಿ.ಮೀ. ನಾಡಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು. ಹಾಗೆ ಹೇಳಲು ಸಾಧ್ಯವಾದದ್ದು ಸ್ಥಳದಲ್ಲಿ ಸಿಕ್ಕ ಗುಂಡು ಮತ್ತು ಖಾಲಿ ತೋಟಾಗಳಿಂದ. ಪ್ರತಿ ಪಿಸ್ತೂಲೂ ತಾನು ಹಾರಿಸಿದ ತೋಟಾದ ಮೇಲೆ ತನ್ನದೇ ಗೀರು ಬಿಡುತ್ತದೆ. ಸಂಶೋಧಕ ಶಾಸನದ ಅಕ್ಷರ ಓದುವಂತೆ ಅದನ್ನು ಸೂಕ್ಷ್ಮದರ್ಶಕದಲ್ಲಿ ಓದುತ್ತಾರೆ. ಶಾಸನಗಳನ್ನೇ ಓದುತ್ತ ಬದುಕಿದ ಕಲಬುರ್ಗಿಯವರ ಸಾವನ್ನು ಹೀಗೆ ಓದಬೇಕಾಯಿತು. ಬೇಟೆಯ ಸಾಹಿತ್ಯವನ್ನು ಪ್ರೀತಿಯಿಂದ ಓದಿದ ಕನ್ನಡಿಗರು, ನಾವೂ ಸೇರಿ, ಆ ಎರಡು ಹಿತ್ತಾಳೆ ಚೂರುಗಳ ಬಗ್ಗೆ ಒಂದು ಒಳ್ಳೆಯ ಕತೆಯನ್ನು ಇನ್ನೂ ಬರೆದಂತಿಲ್ಲ.

ನಮ್ಮವರನ್ನೂ ಒಂದು ಮಾತು ಕೇಳಬೇಕು. ನಗರದ ಬಿದನೂರು ಕೋಟೆಯ ಬಳಿ 2018ರಲ್ಲಿ ಹಳೆಯ ಬಾವಿಯಿಂದ ಸಾವಿರಕ್ಕೂ ಹೆಚ್ಚು ಟಿಪ್ಪು ಕಾಲದ ರಾಕೆಟ್‌ಗಳು ಸಿಕ್ಕಾಗ ನಮ್ಮ ಎಷ್ಟು ಜನರ ಎದೆ ಉಬ್ಬಿತು! ಆ ಕಬ್ಬಿಣದ ಕೊಳವೆಗಳಲ್ಲಿ ಮದ್ದು ತುಂಬಿದ ಕೈಗಳು ಯಾರವು, ಎಷ್ಟು ಕೂಲಿ ಸಿಗುತ್ತಿತ್ತು, ಎಷ್ಟು ಜನರ ಬೆರಳು ಹೋಯಿತು ಎಂದು ಯಾರೂ ಕೇಳಲಿಲ್ಲ. ಉರ್ದುವಿನಲ್ಲಿ ಕಾರ್ತೂಸ್ ಎಂದಾಕ್ಷಣ 1857ರ ಸಿಪಾಯಿಗಳು ಹಲ್ಲಿನಿಂದ ಕಚ್ಚಲು ಒಲ್ಲೆನೆಂದ ಆ ಕೊಬ್ಬು ಸವರಿದ ಕಾರ್ತೂಸು ನೆನಪಾಗುತ್ತದೆ. ಅಲ್ಲಿಯೂ ಕತೆ ಇರುವುದು ತುಂಬುವ ಕೈಯಲ್ಲಿ, ಕಚ್ಚುವ ಬಾಯಲ್ಲಿ. ಶೌರ್ಯದ ಭಾಷಣಗಳಿಗೆ ಇದು ಬೇಕಾಗುವುದಿಲ್ಲ. ಸಾಹಿತ್ಯಕ್ಕೆ ಬೇಕಾಗಿತ್ತು. ನಮ್ಮ ಓದಿನ ಮಟ್ಟಿಗೆ ಕನ್ನಡದ ಮುಸ್ಲಿಂ ಕತೆಗಾರರ ಲೋಕದಲ್ಲಿ ಬೀಡಿಯ ಎಲೆ ಇದೆ, ಹೊಲಿಗೆ ಯಂತ್ರ ಇದೆ, ತಲಾಖಿನ ಕಾಗದ ಇದೆ, ಕೋವಿ ಇಲ್ಲವೆನ್ನುವಷ್ಟು ಕಡಿಮೆ. ಕೇಳುವ ಮೊದಲೇ ಒಪ್ಪಿಸಿ ರಸೀದಿ ಪಡೆದವರು ನಾನಾ ಒಬ್ಬರೇ ಅಲ್ಲವೆಂದು ಕಾಣುತ್ತದೆ.

ತೇಜಸ್ವಿಯವರು ಕೋವಿ ಬಿಟ್ಟು ಕ್ಯಾಮೆರಾ ಹಿಡಿದದ್ದನ್ನು ಎಲ್ಲರೂ ಹೇಳುತ್ತಾರೆ. ಅದನ್ನೊಂದು ಹೃದಯಪರಿವರ್ತನೆಯ ಪವಾಡ ಮಾಡುವುದು ನಮಗೆ ಸರಿ ಕಾಣುವುದಿಲ್ಲ. ಹಕ್ಕಿಗಾಗಿ ಗಂಟೆಗಟ್ಟಲೆ ಪೊದೆಯಲ್ಲಿ ಕೂರುವ ತಾಳ್ಮೆ ಬೇಟೆಗಾರನದೇ. ಕ್ಯಾಮೆರಾಕ್ಕೂ ರೀಲು ತುಂಬಬೇಕು, ಅದಕ್ಕೂ ಎಣಿಕೆ ಇರುತ್ತಿತ್ತು. ಶೌಕ್ ಬದಲಾಗಲಿಲ್ಲ, ಸಾಮಾನು ಬದಲಾಯಿತು. ಅವರ ಗದ್ಯದಲ್ಲಿ ಒಂದು ಪ್ರಾಣಿಯನ್ನು ಕೆಡವದೆಯೂ ಪುಟ ಮುಗಿಸುವ ಧೈರ್ಯ ಬಂದದ್ದು ಈ ಮುಂದುವರಿಕೆಯಿಂದ.

ಕೊನೆಗೆ ಆಂಡರ್ಸನ್‌ನ ಇನ್ನೊಂದು ಕತೆಗೆ ಮರಳಿದೆವು, ಆಲಂ ಬಕ್ಷ್ ಮತ್ತು ಕರಡಿಯದು. ಅರಸೀಕೆರೆಯ ದಾರಿಯ ಒಂದು ದರ್ಗಾದ ಕಾವಲಿನ ಮುದುಕ ಆಲಂ ಬಕ್ಷ್. ಅವನ ಮಗನನ್ನು ಕರಡಿ ಕೊಲ್ಲುತ್ತದೆ. ದರ್ಗಾದಲ್ಲಿ ಕೋವಿಯಿಲ್ಲ. ಸಾಹೇಬ ಬಂದು ಕರಡಿಯನ್ನು ಹೊಡೆಯುತ್ತಾನೆ. ಅಲ್ಲಿಗೆ ಕತೆ ಸಾಹೇಬನ ಜೊತೆ ಬೆಂಗಳೂರಿಗೆ ಹೊರಟುಬಿಡುತ್ತದೆ, ಆಲಂ ಬಕ್ಷ್ ದರ್ಗಾದಲ್ಲೇ ಉಳಿಯುತ್ತಾನೆ. ನಾವು ಮೇಜಿನಿಂದ ಆ ಗುಮಾಸ್ತನ ಕತೆಯ ಎರಡೂ ಪ್ರತಿಗಳನ್ನು ಹೊರತೆಗೆದಿದ್ದೇವೆ. ಪೂವಯ್ಯನ ಪ್ರತಿಯನ್ನು ಹರಿದು, ಮೊದಲಿನದರಲ್ಲಿ ಶುಕ್ರವಾರವನ್ನು ಹಾಗೆಯೇ ಉಳಿಸಿಕೊಂಡು, ಎಣ್ಣೆ ಬಟ್ಟೆಯ ಪಕ್ಕದಲ್ಲಿ ಒಂದು ಠಾಣೆಯ ರಸೀದಿಯನ್ನು ಸೇರಿಸಿದ್ದೇವೆ. 1992ರ ತಾರೀಖಿನ ನೀಲಿ ಮುದ್ರೆ ಅದರ ಮೇಲೆ ಇನ್ನೂ ಓದಲು ಬರುತ್ತದೆ.